ಆತ್ಮರಕ್ಷಣೆಗೆ ಕೋವಿ ಬೇಕೇ? ದಕ್ಷಿಣ ಕನ್ನಡ, ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ಕಳ ತಾಲ್ಲೂಕಿನಲ್ಲಿ ಅಡಿಕೆ ತೋಟ ಮಾಡಿಕೊಂಡು, ಬೆಳೆ ರಕ್ಷಣೆಯ ಕೋವಿ ಪರವಾನಗಿ ಇಟ್ಟುಕೊಂಡಿರುವವನೊಬ್ಬನ ಉತ್ತರಗಳಿವು. ನೆರೆಹೊರೆಯವರ ಅರ್ಜಿ ತುಂಬಿಕೊಡುವಾಗ, ಮದುವೆ ಊಟದ ಪಂಕ್ತಿಯಲ್ಲಿ, ಅಡಿಕೆ ಮಾರಲು ಹೋದ ಅಂಗಡಿಯ ಜಗಲಿಯಲ್ಲಿ ಕೇಳಿಬಂದ ಪ್ರಶ್ನೆಗಳನ್ನೇ ಆರಿಸಿದ್ದೇನೆ. ಕಾನೂನಿನ ವಿಷಯದಲ್ಲಿ ನಿಮ್ಮ ಪ್ರಕರಣಕ್ಕೆ ನಿಮ್ಮ ವಕೀಲರ ಮಾತೇ ಕೊನೆಯದು.

ಆತ್ಮರಕ್ಷಣೆಗೆ ಕೋವಿ ಇಟ್ಟುಕೊಳ್ಳುವುದು ನಮ್ಮ ಹಕ್ಕಲ್ಲವೇ?

ಆತ್ಮರಕ್ಷಣೆ ಹಕ್ಕು, ಕೋವಿ ಹಕ್ಕಲ್ಲ. ಈ ಎರಡನ್ನು ಬೆರೆಸಿಕೊಂಡೇ ಹೆಚ್ಚಿನವರು ಮಾತು ಶುರು ಮಾಡುತ್ತಾರೆ. ನಮ್ಮ ಮೈಯನ್ನೂ ಮನೆಯನ್ನೂ, ಕಣ್ಣೆದುರು ಹಲ್ಲೆಗೊಳಗಾದ ಇನ್ನೊಬ್ಬರನ್ನೂ ಕಾಪಾಡುವ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಕೊಡುತ್ತವೆ. 2024ರ ಜುಲೈ 1ಕ್ಕೆ ಮೊದಲು ಇದೇ ಹಕ್ಕು ದಂಡ ಸಂಹಿತೆಯ 96ರಿಂದ 106ರ ಕಲಂಗಳಲ್ಲಿತ್ತು. ಕೋವಿಯ ಮಾತು ಬೇರೆ. 1959ರ ಆಯುಧ ಕಾಯ್ದೆಯ 3ನೇ ಕಲಂ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಅದನ್ನು ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ. ಅಮೆರಿಕದಲ್ಲಿ 1791ರ ಎರಡನೆಯ ತಿದ್ದುಪಡಿ ಆಯುಧ ಹೊಂದುವುದನ್ನು ಸಂವಿಧಾನದ ಹಕ್ಕಾಗಿಸಿದೆ. ನಮ್ಮ ಸಂವಿಧಾನದಲ್ಲಿ ಅಂಥದ್ದಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಪರವಾನಗಿ ಇಲ್ಲದ ಆಯುಧಗಳ ಪಿಡುಗಿನ ಬಗ್ಗೆ ವಿಚಾರಣೆ ನಡೆಸುವಾಗ ನೆನಪಿಸಿತು. ಅಮೆರಿಕದ ವೀಡಿಯೊ ನೋಡಿ ಇಲ್ಲಿ ಪಿಸ್ತೂಲಿನ ಸೊಂಟಪಟ್ಟಿ ಖರೀದಿಸುವ ಹುಡುಗರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪರವಾನಗಿ ಯಾರು ಕೊಡುತ್ತಾರೆ?

ನಿಮ್ಮ ಮನೆ ಯಾವ ಠಾಣೆಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ನೋಡಿ. ಸುರತ್ಕಲ್, ಮೂಲ್ಕಿ, ಮೂಡುಬಿದಿರೆ, ಬಜ್ಪೆ, ಉಳ್ಳಾಲ, ಕೊಣಾಜೆ ಮುಂತಾದವು ಮಂಗಳೂರು ನಗರ ಪೊಲೀಸ್ ಕಮಿಷನರೇಟ್‌ಗೆ ಸೇರಿವೆ; ಅಲ್ಲಿ ಪರವಾನಗಿ ಪ್ರಾಧಿಕಾರ ಪೊಲೀಸ್ ಕಮಿಷನರ್. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ, ಕಡಬದವರು ಜಿಲ್ಲಾಧಿಕಾರಿಯ ಕಚೇರಿಗೆ ಹೋಗಬೇಕು. ಉಡುಪಿ ಜಿಲ್ಲೆಯಲ್ಲಿ ಈ ಗೊಂದಲವೇ ಇಲ್ಲ. ಎಲ್ಲರೂ ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೇ.

ಅರ್ಜಿ ಹಾಕಿದರೆ ಏನೇನು ಕೇಳುತ್ತಾರೆ? ಎಲ್ಲರಿಗೂ ಸಿಗುತ್ತದೆಯೇ?

21 ವರ್ಷ ತುಂಬಿರಬೇಕು. ಗುರುತು, ವಿಳಾಸ, ಬೆಳೆ ರಕ್ಷಣೆಗಾದರೆ ಪಹಣಿ, ದೇಹ ಮತ್ತು ಮನಸ್ಸಿನ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಆಯುಧವನ್ನು ಸುರಕ್ಷಿತವಾಗಿ ಇಡುತ್ತೇನೆಂಬ ಮುಚ್ಚಳಿಕೆ, ತರಬೇತಿಯ ಪ್ರಮಾಣಪತ್ರ ಇವೆಲ್ಲ 2016ರ ಆಯುಧ ನಿಯಮಗಳ ನಂತರ ಕಡ್ಡಾಯವಾಗಿವೆ. ಜಿಲ್ಲಾ ಸಶಸ್ತ್ರ ಮೀಸಲು ಪಡೆ ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರದ ಬಗ್ಗೆ ಠಾಣೆಯಲ್ಲಿ ವಿಚಾರಿಸಿ. ಪರವಾನಗಿ ಬೇಡದಿದ್ದರೂ ಆ ಶಿಬಿರಕ್ಕೆ ಹೋಗಿ ಬರುವುದು ಒಳ್ಳೆಯದೆಂದೇ ನಾನು ಹೇಳುವುದು. ಕೈಯಲ್ಲಿ ಹಿಡಿದು ಒಮ್ಮೆ ಸಿಡಿಸಿದ ಮೇಲೆ ಅರ್ಧ ಜನರ ಆಸೆ ಅಲ್ಲೇ ಇಳಿಯುತ್ತದೆ.

ಬಳಿಕ ಠಾಣೆಯಿಂದ ವರದಿ ಹೋಗುತ್ತದೆ. ನಿಮ್ಮ ಮೇಲೆ ಯಾವ ಪ್ರಕರಣವಿದೆ, ಜಾಗದ ತಗಾದೆ ಏನಾದರೂ ಇದೆಯೇ, ಕುಡಿತವೇನಾದರೂ ಇದೆಯೇ ಎಂಬುದನ್ನೆಲ್ಲ ವಿಚಾರಿಸುತ್ತಾರೆ. ದಾಯಾದಿಗಳ ಜೊತೆ ಗಡಿಗಲ್ಲಿನ ಜಗಳ ನಡೆಯುತ್ತಿರುವಾಗ ಅರ್ಜಿ ಹಾಕಿದವರಿಗೆ ಪರವಾನಗಿ ಸಿಗದಿದ್ದರೆ ಅದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ಕಾಯ್ದೆಯ ಒಂದು ಒಳ್ಳೆಯ ಮಾತನ್ನೂ ಹೇಳಬೇಕು: ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ ಎಂದು 14ನೇ ಕಲಂ ಹೇಳುತ್ತದೆ. ತಿರಸ್ಕರಿಸಿದರೆ ಕಾರಣವನ್ನು ಬರೆದಿಡಬೇಕು; 18ನೇ ಕಲಂ ಅಡಿಯಲ್ಲಿ ಮೇಲ್ಮನವಿಗೂ ಅವಕಾಶವಿದೆ. ಪರವಾನಗಿ ಸಿಕ್ಕರೆ 2019ರ ತಿದ್ದುಪಡಿಯ ಪ್ರಕಾರ 5 ವರ್ಷದ್ದು; ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಆಯುಧ ಇಲ್ಲ.

ತೋಟದವರಿಗೆ ಕೋವಿ ಕೊಡುತ್ತಾರೆ, ಪೇಟೆಯ ವ್ಯಾಪಾರಿಗೆ ಪಿಸ್ತೂಲು ಏಕೆ ಕೊಡುವುದಿಲ್ಲ?

ಇದು ಪಕ್ಷಪಾತವಲ್ಲ, ಕಾಯ್ದೆಯ 13ನೇ ಕಲಮಿನಲ್ಲೇ ಇರುವ ಭೇದ. ರಕ್ಷಣೆಗೋ ಕ್ರೀಡೆಗೋ ಬೇಕಾದ, 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನುಣುಪು ಒಳಮೈಯ ಕೋವಿಗೆ, ಹಾಗೆಯೇ ನಿಜವಾದ ಬೆಳೆ ರಕ್ಷಣೆಗೆ ಬೇಕಾದ, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗೆ, ಅಡ್ಡಿಯಿಲ್ಲದಿದ್ದರೆ ಪರವಾನಗಿ ಕೊಡಬೇಕು ಎಂಬ ಧಾಟಿಯಲ್ಲಿ ಅದು ಮಾತನಾಡುತ್ತದೆ. ರಿವಾಲ್ವರ್, ಪಿಸ್ತೂಲಿನಂಥ ಉಳಿದವುಗಳಿಗೆ ‘ಸಕಾರಣವಿದೆ’ ಎಂದು ಅಧಿಕಾರಿಗೆ ಮನದಟ್ಟಾಗಬೇಕು. ಬೆದರಿಕೆ ಕರೆ ಬಂದಿದ್ದರೆ ದೂರು ಕೊಟ್ಟದ್ದಕ್ಕೆ ಪ್ರತಿ ಇರಬೇಕು. ಪ್ರತಿದಿನ ನಗದು ಸಾಗಿಸುವುದಾದರೆ ಅದಕ್ಕೆ ಲೆಕ್ಕಪತ್ರ ಇರಬೇಕು. ‘ಕಾಲ ಕೆಟ್ಟಿದೆ’ ಎಂದು ಬರೆದುಕೊಟ್ಟ ಅರ್ಜಿಯನ್ನು ನಾನು ನೋಡಿದ್ದೇನೆ. ಅದಕ್ಕೆ ಏನಾಯಿತೆಂದು ಹೇಳಬೇಕಿಲ್ಲ.

ಸಿಕ್ಕರೂ 9 ಎಂ.ಎಂ. ಪಿಸ್ತೂಲಿನಂಥವು ನಿಷೇಧಿತ ವರ್ಗದವು. ಸಾಮಾನ್ಯರ ಕೈಗೆ ಬರುವುದು .32 ಬೋರಿನ (ಬೋರು ಎಂದರೆ ನಳಿಗೆಯ ಒಳಅಳತೆ) ರಿವಾಲ್ವರ್ ಅಥವಾ ಪಿಸ್ತೂಲು.

ಬೆಳೆ ರಕ್ಷಣೆಯ ಕೋವಿ ಇದೆ. ರಾತ್ರಿ ಮನೆಗೆ ದರೋಡೆಕೋರರು ನುಗ್ಗಿದರೆ ಅದನ್ನು ಎತ್ತಬಹುದೇ?

ಎತ್ತಬಹುದು. ಪರವಾನಗಿಯಲ್ಲಿ ‘ಮಂಗ, ಹಂದಿ ಓಡಿಸಲು’ ಎಂಬ ಉದ್ದೇಶ ಬರೆದಿದೆ ಎಂದ ಮಾತ್ರಕ್ಕೆ ಜೀವ ಉಳಿಸಿಕೊಳ್ಳುವ ಹಕ್ಕು ಹೋಗುವುದಿಲ್ಲ. ಆ ಹಕ್ಕು ಬರುವುದು ನ್ಯಾಯ ಸಂಹಿತೆಯಿಂದ, ಪರವಾನಗಿ ಪುಸ್ತಕದಿಂದಲ್ಲ. ಆದರೆ ಅದೇ ಕೋವಿಯನ್ನು ಹೆಗಲಿಗೇರಿಸಿ ಸಾಣೂರಿನಿಂದ ಕಾರ್ಕಳ ಪೇಟೆಗೆ ಹೋಗುವುದು ಷರತ್ತಿನ ಉಲ್ಲಂಘನೆ. ಗುಂಡಿನ ಸದ್ದಿನಿಂದ ಕಾಡುಹಂದಿಯನ್ನು ಬೆದರಿಸುವುದಕ್ಕೂ ಅದನ್ನು ಕೊಂದು ಪಾಲು ಹಂಚುವುದಕ್ಕೂ ನಡುವೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಂತಿದೆ ಎಂಬುದೂ ನೆನಪಿರಲಿ.

ಯಾವಾಗ ಗುಂಡು ಹಾರಿಸಬಹುದು? ಸರಿಯಾಗಿ ಹೇಳಿ.

ಇದೊಂದು ಪ್ರಶ್ನೆಗೆ ಉತ್ತರ ಗೊತ್ತಿಲ್ಲದವರು ಕೋವಿ ಮುಟ್ಟಲೇಬಾರದು ಎಂಬುದು ನನ್ನ ಹಟ. ಎದುರಾಳಿಯ ಸಾವು ಸಂಭವಿಸುವಷ್ಟು ಬಲ ಬಳಸಲು ಸಂಹಿತೆಯ 38ನೇ ಕಲಂ ಅವಕಾಶ ಕೊಡುವುದು ಕೆಲವೇ ಸಂದರ್ಭಗಳಲ್ಲಿ: ಸಾವು ಅಥವಾ ಘೋರ ಗಾಯದ ಸಕಾರಣ ಭಯ, ಅತ್ಯಾಚಾರ, ಅಸ್ವಾಭಾವಿಕ ಕಾಮದ ಹಲ್ಲೆ, ಅಪಹರಣ, ಬಿಡುಗಡೆಗೆ ಸರ್ಕಾರಿ ಅಧಿಕಾರಿಗಳ ನೆರವು ಪಡೆಯಲಾಗದಂಥ ಅಕ್ರಮ ಬಂಧನ, ಆ್ಯಸಿಡ್ ದಾಳಿ. ಆಸ್ತಿಗಾದರೆ 41ನೇ ಕಲಂ ನೋಡಬೇಕು: ದರೋಡೆ, ಸೂರ್ಯಾಸ್ತದ ನಂತರ ಸೂರ್ಯೋದಯದ ಮೊದಲು ನಡೆಯುವ ಮನೆ ಕನ್ನ, ವಾಸದ ಮನೆಗೆ ಬೆಂಕಿ ಅಥವಾ ಸ್ಫೋಟಕ ಇಡುವುದು, ಮತ್ತೆ ಜೀವಭಯ ಹುಟ್ಟಿಸುವಂಥ ಕಳ್ಳತನ ಇಲ್ಲವೇ ಅತಿಕ್ರಮಣ.

ಮೂರು ಗೆರೆಗಳನ್ನು ದಾಟಬಾರದು. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚು ಹಾನಿ ಮಾಡಬಾರದು. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕೇ ಹುಟ್ಟುವುದಿಲ್ಲ. ಭಯ ಮುಗಿದ ಕ್ಷಣದಲ್ಲಿ ಹಕ್ಕೂ ಮುಗಿಯುತ್ತದೆ. ಈ ಮೂರನೆಯದರಲ್ಲೇ ನಮ್ಮವರು ಎಡವುವುದು. ಅಂಗಳದಲ್ಲಿ ಒಣಗಿಸಿದ ಅಡಿಕೆಯ ಗೋಣಿ ಹೊತ್ತುಕೊಂಡು ಒಬ್ಬ ಗುಡ್ಡದ ಕಡೆಗೆ ಓಡುತ್ತಿದ್ದಾನೆ ಎಂದುಕೊಳ್ಳಿ. ಅವನ ಬೆನ್ನು ನಿಮ್ಮ ಕಡೆಗಿದೆ, ಕೈಯಲ್ಲಿ ಕತ್ತಿ ಇಲ್ಲ. ನೀವು ಹಾರಿಸಿದ ಗುಂಡಿಗೆ ಅವನು ಬಿದ್ದರೆ ನೀವು ಆರೋಪಿ. ಅಡಿಕೆಗೆ ಎಷ್ಟೇ ಧಾರಣೆ ಇರಲಿ, ನ್ಯಾಯಾಲಯದಲ್ಲಿ ಅದಕ್ಕೆ ಜೀವದ ಬೆಲೆ ಬರುವುದಿಲ್ಲ. ಅದೇ ಮನುಷ್ಯ ಹಿಂದಿರುಗಿ ತಲವಾರು ಬೀಸುತ್ತ ನಿಮ್ಮ ಮೇಲೆ ಬಂದರೆ ಲೆಕ್ಕ ಪೂರ್ತಿ ಬದಲಾಗುತ್ತದೆ.

ಹಾಗೆಂದು ಪ್ರಾಣಕ್ಕೆ ಬಂದಾಗ ಅಳತೆಗೋಲು ಹಿಡಿದು ನಿಲ್ಲಬೇಕೆಂದೂ ಕಾನೂನು ಹೇಳುವುದಿಲ್ಲ. ಹೆದರಿದವನ ಪ್ರತಿಕ್ರಿಯೆಯನ್ನು ಚಿನ್ನದ ತಕ್ಕಡಿಯಲ್ಲಿ ತೂಗಬಾರದೆಂಬುದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಒಪ್ಪಿರುವ ಮಾತು. 2010ರ ದರ್ಶನ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಈ ಹಕ್ಕಿನ ಹತ್ತು ಸೂತ್ರಗಳನ್ನು ಒಂದೆಡೆ ಕೊಟ್ಟಿದ್ದಾರೆ. ಪರವಾನಗಿ ಇರುವ ಪ್ರತಿಯೊಬ್ಬರೂ ಓದಿಟ್ಟುಕೊಳ್ಳಬೇಕಾದ ತೀರ್ಪು ಅದು.

ಹೆದರಿಸಲು ಆಕಾಶಕ್ಕೆ ಒಂದು ಗುಂಡು?

ಬೇಡ. ಮೇಲೆ ಹೋದ ಗುಂಡು ಯಾರದೋ ಹೆಂಚಿನ ಮೇಲೋ ತಲೆಯ ಮೇಲೋ ಇಳಿಯುತ್ತದೆ. ಮದುವೆ, ಮೆರವಣಿಗೆಯ ಸಂಭ್ರಮಕ್ಕೆ ಹಾರಿಸಿ ಇತರರ ಸುರಕ್ಷತೆಗೆ ಧಕ್ಕೆ ತಂದರೆ 2 ವರ್ಷದವರೆಗೆ ಸಜೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪರವಾನಗಿ ಹೋಗುವುದು ಬೇರೆ.

ಪರವಾನಗಿ ಇರುವ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಂಪನಕಟ್ಟೆಯಲ್ಲಿ ಓಡಾಡಬಹುದೇ?

ಪರವಾನಗಿಯ ವ್ಯಾಪ್ತಿ ಯಾವ ಪ್ರದೇಶದ್ದೆಂದು ಪುಸ್ತಕದಲ್ಲಿ ಬರೆದಿರುತ್ತದೆ, ಅದರೊಳಗೆ ಒಯ್ಯಬಹುದು. ಚೀಲದಲ್ಲಿ ಮುಚ್ಚಿ, ನಿಮ್ಮ ಹಿಡಿತದಲ್ಲೇ ಇರುವಂತೆ ಒಯ್ಯಬೇಕು, ತೋರಿಸಿಕೊಳ್ಳಲು ಅಲ್ಲ. ನಿಷೇಧಾಜ್ಞೆ ಇದ್ದಾಗ ಆದೇಶದಲ್ಲಿ ಏನಿದೆಯೆಂದು ಓದಿ. ಮಂಗಳೂರಿನಲ್ಲಿ ಆ ಆದೇಶಗಳು ಅಪರೂಪವೇನಲ್ಲವಲ್ಲ. ವಿಮಾನ ಹತ್ತುವವರು ಕೈಚೀಲದಲ್ಲಿ ಒಯ್ಯುವಂತಿಲ್ಲ. ಮೊದಲೇ ಘೋಷಿಸಿ, ಗುಂಡು ತೆಗೆದು, ವಿಮಾನ ಸಂಸ್ಥೆಗೆ ಒಪ್ಪಿಸುವ ಸಾಮಾನಿನ ಜೊತೆ ಕಳುಹಿಸಬೇಕು.

ಕಾನೂನು ಅಷ್ಟು. ನನ್ನ ಅಭಿಪ್ರಾಯ ಕೇಳಿದರೆ: ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಸಂಜೆ ತಲಪಾಡಿ ಬಸ್ಸಿಗೆ ನುಗ್ಗುವ ಜನಜಂಗುಳಿಯಲ್ಲಿ ಸೊಂಟದಲ್ಲಿ ಪಿಸ್ತೂಲಿರುವವನು ಇನ್ನಷ್ಟು ಅಸುರಕ್ಷಿತ. ಅದನ್ನು ಕದಿಯುವವನಿಗೆ ಬೇಕಾಗಿರುವುದೂ ಅಂಥ ನೂಕುನುಗ್ಗಲೇ. ಯಾರಾದರೂ ಮೈಗೆ ಬಿದ್ದರೆ ಮೊದಲು ಪಿಸ್ತೂಲನ್ನು ಕಾಯಬೇಕು, ಆಮೇಲೆ ತನ್ನನ್ನು. ಜೊತೆಗೆ ಗುಂಡು ತಪ್ಪಿದರೆ ಹಿಂದೆ ನಿಂತವರು ಯಾರು? ಶಾಲೆಯ ಮಕ್ಕಳು, ಬುಟ್ಟಿ ಇಟ್ಟುಕೊಂಡ ಮೀನಿನ ಹೆಂಗಸರು. ನಿಜವಾಗಿ ಗುರುತಿಸಿದ ಬೆದರಿಕೆ ಇರುವ ಕೆಲವರಿಗೆ, ತಿಂಗಳು ತಿಂಗಳು ಅಭ್ಯಾಸ ಮಾಡುವವರಿಗೆ ಅದು ಅರ್ಥವುಳ್ಳ ಸಾಧನ. ಉಳಿದವರಿಗೆ ಹೊರೆ.

ಹಾಗಾದರೆ ಸನ್ನದ್ಧತೆ ಎಂದರೆ ಏನು? ಕೋವಿ ಇಲ್ಲದೆ ಏನು ಮಾಡುವುದು?

ನಮ್ಮ ಕಡೆ ಒಂಟಿಮನೆಗಳು ಹೆಚ್ಚು. ರಸ್ತೆಯಿಂದ ಒಳಗೆ ಇಳಿಜಾರು, ತೋಟದ ನಡುವೆ ಮನೆ, ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ, ಇಲ್ಲಿ ಅಜ್ಜ ಅಜ್ಜಿ. ಇಂಥಲ್ಲಿ ಮೊದಲ ಪ್ರಶ್ನೆ: ಪೊಲೀಸರಿಗೆ ದಾರಿ ಹೇಳಲು ಬರುತ್ತದೆಯೇ? 112ಕ್ಕೆ ಕರೆ ಮಾಡಿದಾಗ ‘ನಮ್ಮ ಮನೆ ಎಲ್ಲರಿಗೂ ಗೊತ್ತು’ ಎಂದರೆ ಸಾಲದು. ಊರಿನ ಹೆಸರು, ಹತ್ತಿರದ ದೈವಸ್ಥಾನ ಅಥವಾ ಶಾಲೆ, ಅಲ್ಲಿಂದ ಎಡವೋ ಬಲವೋ, ಗೇಟಿನ ಬಣ್ಣ ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಹತ್ತಿರ ಅಂಟಿಸಿ. ಕನ್ನಡಕ ಸಿಗದ ರಾತ್ರಿಯಲ್ಲಿ ಅಜ್ಜಿಗೆ ಅದೇ ಆಸರೆ.

ಎರಡನೆಯದು ಬಾಗಿಲು. ಹಳೆಯ ಮನೆಗಳ ಮುಂಬಾಗಿಲು ಹಲಸಿನ ಮರದ್ದು, ಆನೆ ಗುದ್ದಿದರೂ ಅಲುಗದು. ಹಿಂದಿನ ಬಚ್ಚಲಿನ ಬಾಗಿಲಿಗೆ ಮಾತ್ರ ತುಕ್ಕು ಹಿಡಿದ ಚಿಲಕ. ಕಳ್ಳ ಬರುವುದು ಅಲ್ಲಿಂದಲೇ. ಮಲಗುವ ಕೋಣೆಗೆ ಒಳಗಿನಿಂದ ಗಟ್ಟಿ ಅಗಣಿ ಹಾಕಿಸಿ. ಸದ್ದು ಕೇಳಿದಾಗ ಹೊರಗೆ ಹೋಗಿ ನೋಡುವ ಬದಲು ಎಲ್ಲರೂ ಒಂದೇ ಕೋಣೆ ಸೇರಿ, ಅಗಣಿ ಹಾಕಿ, ಕರೆ ಮಾಡುವುದನ್ನು ಮನೆಯವರೆಲ್ಲ ಒಮ್ಮೆ ಮಾಡಿ ನೋಡಿ. ನಗು ಬರುತ್ತದೆ, ಬರಲಿ.

ಮೂರನೆಯದು ಮಳೆಗಾಲ. ಜೂನ್‌ನಿಂದ ಕರೆಂಟ್ ಹೋಗುತ್ತದೆ, ಟವರ್ ಹೋಗುತ್ತದೆ, ಮಳೆಯ ಸದ್ದಿಗೆ ನಾಯಿ ಬೊಗಳಿದ್ದೂ ಕೇಳಿಸುವುದಿಲ್ಲ. ಕರೆಂಟ್ ಹೋದರೂ ಉರಿಯುವ ಒಂದು ಅಂಗಳದ ದೀಪ, ಚಾರ್ಜ್ ಇರುವ ಬ್ಯಾಟರಿ, ನೆರೆಮನೆಗೆ ಕೇಳಿಸುವಂಥ ಒಂದು ಸೀಟಿ ಅಥವಾ ಜಾಗಟೆ ಇವೆಲ್ಲ ಕೋವಿಗಿಂತ ಅಗ್ಗ. ಬಹುತೇಕ ಸ್ಮಾರ್ಟ್ ಫೋನುಗಳಲ್ಲಿ ಪವರ್ ಗುಂಡಿಯನ್ನು ಬೇಗಬೇಗನೆ ಹಲವು ಸಲ ಒತ್ತಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಇದೆ. ನಿಮ್ಮ ಫೋನಿನಲ್ಲಿ ಎಷ್ಟು ಸಲ ಎಂಬುದನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ.

ಮದುವೆಗೋ ಯಕ್ಷಗಾನಕ್ಕೋ ಮನೆಮಂದಿಯೆಲ್ಲ ಹೊರಡುವುದಾದರೆ ನೆರೆಯವರಿಗೆ ಹೇಳಿ. ಹಲವು ದಿನಗಳ ಪ್ರವಾಸವಾದರೆ ಬೀಟ್ ಪೊಲೀಸರಿಗೂ ಹೇಳಿ. ಹೋದ ಜಾಗದಿಂದಲೇ ಚಿತ್ರ ಹಾಕಿ ಲೋಕಕ್ಕೆ ಸಾರಬೇಡಿ. ನೆರೆಯವರ ಜೊತೆ ಮಾತುಬಿಟ್ಟಿದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ. ನಡುರಾತ್ರಿ ಟಾರ್ಚ್ ಹಿಡಿದು ಮೊದಲು ಓಡಿಬರುವವರು ಅವರೇ.

ಕೊನೆಗೆ ರಕ್ತ ನಿಲ್ಲಿಸುವ ಪಾಠ. ಗಾಯದ ಮೇಲೆ ಶುದ್ಧ ಬಟ್ಟೆ ಇಟ್ಟು ಬಿಡದೆ ಬಲವಾಗಿ ಒತ್ತಿ ಹಿಡಿಯುವುದು, 108ಕ್ಕೆ ಕರೆ ಮಾಡುವುದು. ಹಲ್ಲೆಗೆ ಮಾತ್ರವಲ್ಲ, ತೋಟದಲ್ಲಿ ಕಳೆ ಕೊಚ್ಚುವ ಯಂತ್ರ ಕಾಲಿಗೆ ತಗಲಿದಾಗಲೂ ಇದೇ ಪಾಠ ಬೇಕು.

ಹೆಣ್ಣುಮಕ್ಕಳು ಚೀಲದಲ್ಲಿ ಏನಿಟ್ಟುಕೊಳ್ಳಬೇಕು?

ಮಣಿಪಾಲದಲ್ಲಿ ಓದುವ, ಮಂಗಳೂರಿನ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಹುಡುಗಿಯರು ಹೆಚ್ಚಾಗಿ ಕೇಳುತ್ತಾರೆ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದೇ ‘ನಿರ್ಭೀಕ್’ ಎಂಬ ಹಗುರವಾದ .32 ರಿವಾಲ್ವರ್ ತಂದಿತ್ತು. ಬೆಲೆ ಲಕ್ಷ ರೂಪಾಯಿ ದಾಟಿತ್ತು. ಯಾರಿಗೆ ರಕ್ಷಣೆ ಬೇಕೋ ಅವರ ಕೈಗೆಟುಕದ ರಕ್ಷಣೆ ಅದು. ಖಾರದ ಸ್ಪ್ರೇಗೆ ಪರವಾನಗಿ ಬೇಡ. ಆದರೆ ಅದನ್ನೂ ಜೀವಭಯ ಇಲ್ಲದಲ್ಲಿ ಬಳಸುವಂತಿಲ್ಲ: 2024ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಅದನ್ನು ಅಪಾಯಕಾರಿ ಆಯುಧವೆಂದು ಪರಿಗಣಿಸಿ, ಬಳಸಿದವರ ಮೇಲಿನ ಮೊಕದ್ದಮೆಯನ್ನು ರದ್ದುಪಡಿಸಲು ಒಪ್ಪಲಿಲ್ಲ. ಡಬ್ಬಿ ಚೀಲದ ತಳದಲ್ಲಿದ್ದರೆ ಪ್ರಯೋಜನವಿಲ್ಲ. ಗಾಳಿ ನಿಮ್ಮ ಕಡೆ ಬೀಸುತ್ತಿದ್ದರೆ ಖಾರವೂ ನಿಮ್ಮ ಕಡೆಗೇ. ಮಲ್ಪೆ ಕಡಲತೀರದಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾರಿನಲ್ಲಿ ತಲವಾರು ಇಟ್ಟುಕೊಂಡರೆ?

ಪೊಲೀಸರು ತಪಾಸಣೆಗೆ ನಿಲ್ಲಿಸಿದಾಗ ಕಾಯಿ ಸುಲಿಯಲು ಎಂದರೆ ಯಾರೂ ನಂಬುವುದಿಲ್ಲ. ಬೇಡ.

ಏರ್‌ಗನ್‌ಗೆ ಪರವಾನಗಿ ಬೇಕೇ?

.177 ಬೋರಿನ, 20 ಜೂಲ್ ಮೀರದ ಶಕ್ತಿಯ ಏರ್‌ಗನ್‌ಗೆ ಬೇಡ. ಗುರಿ ಅಭ್ಯಾಸಕ್ಕೆ ಚೆನ್ನ. ಆತ್ಮರಕ್ಷಣೆಗೆ ಏನೂ ಅಲ್ಲ. ಮಕ್ಕಳ ಕೈಯಲ್ಲಿ ಅಪಾಯವೇ.

ಕೊಡಗಿನವರಿಗೆ ಪರವಾನಗಿ ಬೇಡ. ಸಂಪಾಜೆ ದಾಟಿದರೆ ಕಾನೂನು ಬದಲಾಗುತ್ತದೆಯೇ?

ಸುಳ್ಯದವರು ಸದಾ ಕೇಳುವ ಪ್ರಶ್ನೆ, ಸ್ವಲ್ಪ ಅಸೂಯೆಯಿಂದಲೇ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನಿನ) ಹಿಡುವಳಿದಾರರಿಗೆ ಆಯುಧ ಕಾಯ್ದೆಯ 41ನೇ ಕಲಂ ಬಳಸಿ ಕೇಂದ್ರ ಸರ್ಕಾರ ಕೊಟ್ಟಿರುವುದು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಹೈಕೋರ್ಟ್ ಒಪ್ಪಲಿಲ್ಲ. ಘಟ್ಟದ ಆ ಕಡೆಯ ನೆಂಟರ ಕೋವಿಯನ್ನು ತಂದು ಈ ಕಡೆಯ ತೋಟದಲ್ಲಿ ಇಟ್ಟುಕೊಳ್ಳಲು ಆ ವಿನಾಯಿತಿ ನಿಮಗೆ ಆಸರೆಯಾಗದು. ನಾಡಕೋವಿಯ ಮಾತಂತೂ ಎತ್ತಲೇಬೇಡಿ: ಪರವಾನಗಿ ಇಲ್ಲದ ಕೋವಿಗೆ ಈಗ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸಜೆ, ತಯಾರಿಸಿ ಮಾರುವವನಿಗೆ 7 ವರ್ಷದಿಂದ ಜೀವಾವಧಿ.

ಮನೆಯಲ್ಲಿ ಕೋವಿಯನ್ನು ಹೇಗಿಡಬೇಕು? ಬೀಗ ಹಾಕಿದರೆ ಹೊತ್ತಿಗೆ ಸಿಗುವುದಿಲ್ಲವಲ್ಲ?

ಸಿಗುವುದಿಲ್ಲ, ನಿಜ. ಆತ್ಮರಕ್ಷಣೆಗೆ ಕೋವಿ ಎಂಬ ವಾದದ ದೊಡ್ಡ ತೊಡಕೇ ಇದು. ತೋಟೆ (ಕಾಡತೂಸು) ತುಂಬಿಸಿ ಬಾಗಿಲ ಹಿಂದೆ ಒರಗಿಸಿಟ್ಟರೆ ಕಳ್ಳನಿಗಿಂತ ಮೊದಲು ಮೊಮ್ಮಗ ಅದನ್ನು ಮುಟ್ಟುತ್ತಾನೆ. ಬೀಗ ಹಾಕಿ ಬೀಗದಕೈ ಅಡಗಿಸಿಟ್ಟರೆ ದರೋಡೆಕೋರ ಒಳಬಂದ ಮೇಲೆ ತೆಗೆಯಲು ಆಗುವುದಿಲ್ಲ. ನಾನು ಎರಡನೆಯದನ್ನೇ ಆರಿಸಿಕೊಂಡಿದ್ದೇನೆ. ನಮ್ಮ ಪತ್ರಿಕೆಗಳಲ್ಲಿ ಬರುವ ಕೋವಿಯ ಸುದ್ದಿಗಳಲ್ಲಿ ಮಿಸ್‌ಫೈರ್, ಆತ್ಮಹತ್ಯೆ, ಕುಡಿದ ಜಗಳಗಳದೇ ದೊಡ್ಡ ಪಾಲು. ಕೋವಿಯಿಂದ ದರೋಡೆ ತಪ್ಪಿದ ಸುದ್ದಿ ನಾನು ಓದಿದ ನೆನಪು ಬಹಳ ಕಡಿಮೆ.

ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೀಗ. ಜೋಡುನಳಿಗೆಯಾದರೆ ಮಡಚಿ ನೋಡಿ ಖಾಲಿಯೆಂದು ಖಚಿತ ಮಾಡಿಕೊಂಡೇ ಒಳಗಿಡಬೇಕು. ಮಳೆಗಾಲದಲ್ಲಿ ನಳಿಗೆಗೆ ತುಕ್ಕು ಬೇಗ ಹಿಡಿಯುತ್ತದೆ. ಎಣ್ಣೆ ಸವರಿ ಒರೆಸುತ್ತಿರಿ. ತೇವ ತಾಗಿದ ತೋಟೆಯನ್ನು ಬಿಸಿಲಿಗೋ ಒಲೆಯ ಬದಿಗೋ ಇಟ್ಟು ಒಣಗಿಸುವ ಸಾಹಸ ಬೇಡ. ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದರೆ, ಯಾರಾದರೂ ವಿಪರೀತ ಕುಡಿಯುತ್ತಿದ್ದರೆ, ನಾಚಿಕೆಪಡದೆ ಕೋವಿಯನ್ನು ಅಧಿಕೃತ ಮಾರಾಟಗಾರರ ಬಳಿ ಇರಿಸಿ.

ಪ್ರತಿ ಚುನಾವಣೆಗೂ ಕೋವಿ ಠೇವಣಿ ಇಡಲೇಬೇಕೇ?

ಮಾದರಿ ನೀತಿ ಸಂಹಿತೆ ಬಂದ ಕೂಡಲೇ ಠಾಣೆಯಿಂದ ಕರೆ ಬರುತ್ತದೆ. ಆಯೋಗದ ಸೂಚನೆಯಂತೆ ಸ್ಕ್ರೀನಿಂಗ್ ಸಮಿತಿ ಒಬ್ಬೊಬ್ಬರ ಪ್ರಕರಣವನ್ನೂ ನೋಡಿ ತೀರ್ಮಾನಿಸಬೇಕು. ಬೆಳೆ ರಕ್ಷಣೆಗೆ ಬೇಕೆಂದು ವಿನಾಯಿತಿ ಕೇಳಿ ಮುಂಚಿತವಾಗಿ ಅರ್ಜಿ ಕೊಡಿ. ಸಿಗದಿದ್ದರೆ ನಮ್ಮ ಜಿಲ್ಲೆಗಳ ಬೆಳೆಗಾರರು ಹೈಕೋರ್ಟ್‌ಗೆ ಹೋಗುವುದುಂಟು. ಠೇವಣಿ ಇಟ್ಟರೆ ರಸೀದಿ ಪಡೆಯಿರಿ, ಕೋವಿಯ ಸಂಖ್ಯೆಯನ್ನು ಅದರಲ್ಲಿ ಓದಿ ನೋಡಿ.

ಅಪ್ಪ ತೀರಿಕೊಂಡರು. ಅವರ ಕೋವಿ ಅಟ್ಟದ ಮೇಲಿದೆ. ಏನು ಮಾಡಬೇಕು?

ಈಗಲೇ ಇಳಿಸಿ ಠಾಣೆಗೋ ಅಧಿಕೃತ ಮಾರಾಟಗಾರರಿಗೋ ಒಪ್ಪಿಸಿ, ವಾರಸುದಾರರಾಗಿ ಹೊಸ ಪರವಾನಗಿಗೆ ಅರ್ಜಿ ಹಾಕಿ. ವರ್ಷಗಟ್ಟಲೆ ಸುಮ್ಮನಿದ್ದರೆ ಅದು ಅಪ್ಪನ ನೆನಪಾಗಿ ಉಳಿಯುವುದಿಲ್ಲ, ಪರವಾನಗಿ ಇಲ್ಲದ ಆಯುಧವಾಗುತ್ತದೆ. ಅಪ್ಪ ಬದುಕಿರುವಾಗಲೇ, ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಹೊಂದಿ 25 ವರ್ಷವಾಗಿದ್ದರೆ, ವಾರಸುದಾರರ ಹೆಸರಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ದಾರಿ ಇದೆ.

ಪ್ರಾಣ ಉಳಿಸಿಕೊಳ್ಳಲು ಗುಂಡು ಹಾರಿಸಿಯೇ ಬಿಟ್ಟೆ. ಮುಂದೇನು?

ಮೊದಲು 112, ನಂತರ ಗಾಯಾಳುವಿಗೆ 108. ಬಿದ್ದವನು ನಿಮ್ಮನ್ನು ಕೊಲ್ಲಲು ಬಂದವನೇ ಆದರೂ ಸರಿ. ಖಾಲಿ ತೋಟೆ, ಅವನ ಆಯುಧ, ಒಡೆದ ಬಾಗಿಲು ಯಾವುದನ್ನೂ ಕದಲಿಸಬೇಡಿ, ಅಂಗಳ ಗುಡಿಸಬೇಡಿ. ಕೋವಿಯಲ್ಲಿ ಉಳಿದ ತೋಟೆ ತೆಗೆದು, ಕೆಳಗಿಟ್ಟು ಪೊಲೀಸರಿಗಾಗಿ ಕಾಯಿರಿ. ಅವರು ಮಹಜರು ಮಾಡಿ ಕೋವಿಯನ್ನು ವಶಪಡಿಸಿಕೊಳ್ಳುತ್ತಾರೆ, ನಿಮ್ಮ ಮೇಲೆ ಪ್ರಕರಣವೂ ದಾಖಲಾಗಬಹುದು. ಆತ್ಮರಕ್ಷಣೆಗಾಗಿ ಹಾರಿಸಿದೆ ಎಂದು ತೋರಿಸುವ ಹೊಣೆ ಸಾಕ್ಷ್ಯ ಅಧಿನಿಯಮದ 108ನೇ ಕಲಂ ಪ್ರಕಾರ ನಿಮ್ಮದು. ಸಂಶಯಕ್ಕೆ ಎಡೆಯಿಲ್ಲದಂತೆ ಅದನ್ನು ಸಿದ್ಧಪಡಿಸಬೇಕಿಲ್ಲ, ಹಾಗೆ ನಡೆದಿರುವ ಸಂಭವವೇ ಹೆಚ್ಚೆಂದು ಕಂಡರೆ ಸಾಕು. ನಡೆದದ್ದನ್ನು ಕಾಲಾನುಕ್ರಮದಲ್ಲಿ ಹೇಳಿ; ನೆನಪಿಲ್ಲದ್ದನ್ನು ನೆನಪಿಲ್ಲವೆನ್ನಿ. ವಕೀಲರನ್ನು ಕಾಣುವವರೆಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದಕ್ಷರವನ್ನೂ ಬರೆಯಬೇಡಿ.